ಎರಡೂ ಬರ್ಕಳ್ರಿ

ನಾನು ಕೈಯಲ್ಲಿ ನಡೆಯುವವಳು. ಎರಡು ಕೈಗೂ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು, ನೆಲಕ್ಕೆ ಊರಿ, ಸೊಂಟ ಎತ್ತಿ ಮುಂದಕ್ಕೆ ಇಡುತ್ತೇನೆ. ಕಾಲುಗಳು ಹಿಂದಿನಿಂದ ಎಳೆದುಕೊಂಡು ಬರುತ್ತವೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನಡೆದು ತೋರಿಸು ಅನ್ನಬಾರದು.

ಹೆಸರು ಬರಗೇರಮ್ಮ. ಕೂಸಾಗಿದ್ದಾಗ ಪೋಲಿಯೋ ಹೊಡೆಯಿತು. ನಮ್ಮದು ಕುರಿ ಕಾಯುವವರ ಹಟ್ಟಿ. ಶ್ರೀರಾಂಪುರದವರು ನಮ್ಮನ್ನು ಯಲ್ಲದಕೆರೆ ಕಡೆಯವರು ಅನ್ನುತ್ತಾರೆ, ಯಲ್ಲದಕೆರೆಯವರು ಶ್ರೀರಾಂಪುರದ ಕಡೆಯವರು ಅನ್ನುತ್ತಾರೆ. ಬಸ್ಸು ಮಾತ್ರ ಯಾವ ಕಡೆಯಿಂದಲೂ ಬರುವುದಿಲ್ಲ. ಅವ್ವ ತೀರಿಕೊಂಡಿದ್ದಾಳೆ. ಮನೆಯಲ್ಲಿರುವುದು ಅಪ್ಪ ರೇವಣಸಿದ್ದಪ್ಪ, ನಾನು, ಕುರಿ.

ಅಪ್ಪ ಕುರಿ ಹೊಡೆದುಕೊಂಡು ಹೋದ ಮೇಲೆ, ಅವನ್ನು ರಾತ್ರಿ ಕೂಡುವ ರೊಪ್ಪ ಗುಡಿಸುವವಳು ನಾನು. ಹಿಕ್ಕೆ ಬಾಚಿ ಗುಡ್ಡೆ ಹಾಕುತ್ತೇನೆ. ತಾಯಿ ಒಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತೇನೆ. ಉಣ್ಣೆ ನೂಲುತ್ತೇನೆ. ಅಂಗೈ ಒಡೆದು ಸೀಳು ಬಿಟ್ಟಿದೆ, ನೂಲುವಾಗ ಉಣ್ಣೆ ಅದರೊಳಗೆ ಸಿಕ್ಕಿ ಜಗ್ಗುತ್ತದೆ. ಸಂಜೆ ಹೊತ್ತಿಗೆ ಭುಜ ಕಿತ್ತು ಬರುತ್ತದೆ. ಮೊಣಕಾಲಿನ ಗಾಯ ಮಾಯುವುದೇ ಇಲ್ಲ, ನೊಣ ಓಡಿಸುತ್ತಲೇ ಇರಬೇಕು.

ಅಂಗವಿಕಲರ ಪಿಂಚಣಿ ಬರುತ್ತಿತ್ತು. ದೊಡ್ಡ ದುಡ್ಡೇನಲ್ಲ. ಆದರೆ ನನ್ನ ಹೆಸರಿಗೆ ಬರುತ್ತಿತ್ತು. ಸೋಪು, ಸೀರೆ, ಮುಟ್ಟಿನ ಬಟ್ಟೆ, ಗಾಯದ ಮುಲಾಮು, ಯಾವುದಕ್ಕೂ ಅಪ್ಪನ ಮುಂದೆ ಕೈ ಚಾಚಬೇಕಾಗಿರಲಿಲ್ಲ. ಬೆಳೆದ ಹೆಣ್ಣು ಅಪ್ಪನ ಹತ್ತಿರ ಮುಟ್ಟಿನ ಬಟ್ಟೆಗೆ ಕಾಸು ಕೇಳುವುದು ಹೇಗಿರುತ್ತದೆ ಅಂತ ಪಿಂಚಣಿ ನಿಲ್ಲಿಸುವವರಿಗೆ ಗೊತ್ತಿರುವುದಿಲ್ಲ. ಒಂದು ದಿನ ಅದು ನಿಂತುಹೋಯಿತು. ಬ್ಯಾಂಕಿನವರು ತಾಲ್ಲೂಕು ಕಚೇರಿ ಕೇಳು ಅಂದರು.

ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ನನ್ನಂಥವರಿಗೆ ಎಲ್ಲಾ ಕಚೇರಿಯೂ ಒಂದೇ, ಬರೀ ಮೆಟ್ಟಿಲು. ಲಗೇಜ್ ಆಟೋದಲ್ಲಿ ಈರುಳ್ಳಿ ಚೀಲಗಳ ನಡುವೆ ಕೂತು ಹೋದೆ. ಮೆಟ್ಟಿಲ ಬುಡದಲ್ಲಿ ಉಸಿರು ತೆಗೆದುಕೊಳ್ಳುತ್ತಾ ಕೂತಿದ್ದೆ. ಕೈಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟಿದ್ದೆ. ಒಬ್ಬ ಯಜಮಾನ ಮೆಟ್ಟಿಲಿಳಿದು ಬಂದವನು ನನ್ನ ಚಪ್ಪಲಿಯ ಮೇಲೆ ಒಂದು ನಾಣ್ಯ ಹಾಕಿ ಹೋದ. ಮುಖ ಕೂಡ ನೋಡಲಿಲ್ಲ. ಕೂಗಿ ಕರೆಯಬೇಕು ಅನ್ನುವಷ್ಟರಲ್ಲಿ ಗೇಟು ದಾಟಿದ್ದ. ನಾಣ್ಯವನ್ನು ಬೆರಳಲ್ಲಿ ಚಿಮ್ಮಿ ಮೋರಿಗೆ ಬೀಳಿಸಿದೆ.

ಒಳಗೆ ಕೌಂಟರು ನನಗಿಂತ ಎತ್ತರ.

"ಪಿಂಚಣಿ ನಿಂತೈತೆ ಸಾಮಿ," ಅಂದೆ.

"ಯಾರದು? ಮುಂದಕ್ಕೆ ಬಾರಮ್ಮ," ಅಂದ ಗುಮಾಸ್ತ.

"ಮುಂದ್ಲೇ ಇದೀನಿ. ಕೆಳಗೆ."

ಅವನು ಬಗ್ಗಿ ನೋಡಲಿಲ್ಲ. ನನ್ನ ಹಿಂದೆ ನಿಂತಿದ್ದವರು ನನ್ನ ಪಿಂಚಣಿ ಕಾರ್ಡು ಈಸಿಕೊಂಡು ಮೇಲಕ್ಕೆ ಕೊಟ್ಟರು. ಕಂಪ್ಯೂಟರಿನ ಗುಂಡಿ ಒತ್ತುವ ಸದ್ದು ಕೇಳಿತು. ನನ್ನ ಕಣ್ಣ ಮುಂದೆ ಇದ್ದದ್ದು ಹಲಗೆ, ಅದರ ಮೇಲೆ ಯಾರೋ ಒರೆಸಿದ ಸುಣ್ಣ.

"ಪರಿಶೀಲನೆ ಆಗೈತೆ. ಅನರ್ಹ ಅಂತ ಬಂದೈತೆ," ಅಂದಿತು ಮೇಲಿನ ದನಿ.

"ಯಾರು ಬಂದಿದ್ರು? ನನ್ನ ಯಾರೂ ನೋಡಿಲ್ಲ."

"ನಿಮ್ಮಪ್ಪನೇ ಹೇಳಿಕೆ ಕೊಟ್ಟಿದಾನಲ್ಲಮ್ಮ. ಮಗಳು ಗಟ್ಟಿಮುಟ್ಟಾಗಿದಾಳೆ, ನೀರು ಹೊರ್ತಾಳೆ, ಎರಡಾಳಿನ ಕೆಲ್ಸ ಒಬ್ಳೇ ಮಾಡ್ತಾಳೆ ಅಂತ. ಹೆಬ್ಬೆಟ್ಟು ಒತ್ತಿದಾನೆ. ಇನ್ನೇನು ಬೇಕು?"

"ನೀನೇ ಎದ್ದು ನೋಡು ಸಾಮಿ. ನಾನು ನೀರು ಹೊರ್ತೀನಾ ನೋಡು."

"ನಾನು ನೋಡಾಕೆ ಬರಲ್ಲ. ಮುಂದಿನೋರು ಬರ್ರಿ," ಅಂದ.

ಮುಂದಿನವರು ನನ್ನನ್ನು ದಾಟಿ ನಿಂತರು. ಕಾರ್ಡು ನನ್ನ ತಲೆಯ ಮೇಲಿಂದ ವಾಪಸ್ಸು ಬಂತು.

ಹೊರಗೆ ಮಂಡಕ್ಕಿ ಮಾರುವ ರಂಗಕ್ಕ ಅಂತ ಒಬ್ಬಳಿದ್ದಾಳೆ. ಆಗಿನಿಂದ ನೋಡುತ್ತಿದ್ದಳಂತೆ. ನೀರು ಕೊಟ್ಟಳು. "ಅಳಬ್ಯಾಡ ಸುಮ್ಕಿರು. ಪಕ್ಕದಾಗೇ ಕೋರ್ಟು. ಅಲ್ಲಿ ಕಾನೂನು ಸೇವಾ ಸಮಿತಿ ಅಂತ ಐತೆ. ಹೆಣ್ಮಕ್ಳಿಗೆ, ನಿನ್ನಂಥೋರಿಗೆ ಪುಕ್ಕಟೆ ವಕೀಲ್ರನ್ನ ಕೊಡ್ತಾರೆ. ನನ್ನ ತಂಗಿ ಕೇಸೂ ಹಂಗೇ ಆಗಿದ್ದು," ಅಂದಳು.

ನಾನು ಅಳುತ್ತಿರಲಿಲ್ಲ. ಸಿಟ್ಟು ಬಂದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೆ. ಮೊದಲು ಅಪ್ಪನನ್ನು ವಿಚಾರಿಸಿಕೊಳ್ಳಬೇಕಿತ್ತು.

ನಮ್ಮಪ್ಪ ಸಂತೆಯಲ್ಲಿ ಕುರಿ ಮಾರುವುದನ್ನು ನೋಡಬೇಕು. ಅವನ ಕುರಿಗೆ ಕೆಮ್ಮು ಅನ್ನುವುದೇ ಇಲ್ಲ. ಕುಂಟುವ ಕುರಿಯನ್ನು ನಾಲ್ಕು ಗಟ್ಟಿ ಕುರಿಗಳ ಮಧ್ಯೆ ನಿಲ್ಲಿಸುತ್ತಾನೆ. ಕೊಳ್ಳುವವನು "ಒಂಚೂರು ನಡೆಸಿ ತೋರ್ಸು" ಅಂದರೆ ಬೆನ್ನು ತಟ್ಟಿ ಎಲ್ಲವನ್ನೂ ಒಟ್ಟಿಗೆ ನಡೆಸುತ್ತಾನೆ. ಹೊರಗಿನವರ ಮುಂದೆ ಜೀವದ ಊನ ಬಾಯಿಗೆ ತರಬಾರದು, ತಂದರೆ ಅದು ಅಂಟಿಕೊಳ್ಳುತ್ತದೆ ಅನ್ನುವುದು ನಮ್ಮ ಹಟ್ಟಿಯವರ ನಂಬಿಕೆ. ಸಂತೆಯಲ್ಲಿ ಕಂಬಳಿ ಹೆಗಲ ಮೇಲಿರುತ್ತದೆ. ಆಗ ಆಡುವುದೆಲ್ಲ ವ್ಯಾಪಾರದ ಮಾತು, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ಹಟ್ಟಿಯಲ್ಲಿ ನ್ಯಾಯಕ್ಕೆ ಕೂತಾಗ ಕಂಬಳಿಯನ್ನು ನೆಲಕ್ಕೆ ಹಾಸುತ್ತಾರೆ. ಹಾಸಿದ ಕಂಬಳಿಯ ಮೇಲೆ ಕೂತು ಸುಳ್ಳಾಡಿದವನ ಮನೆಗೆ ಮತ್ತೆ ಯಾರೂ ಹೆಣ್ಣು ಕೊಡುವುದಿಲ್ಲ, ಒಲೆಗೆ ಬೆಂಕಿ ಕೊಡುವುದಿಲ್ಲ.

ಪರಿಶೀಲನೆಯವನು ಬಂದ ದಿನ ಅಪ್ಪ ರೊಪ್ಪದ ಬಾಗಿಲಲ್ಲಿ ನಿಂತಿದ್ದನಂತೆ. ಕಂಬಳಿ ಹೆಗಲ ಮೇಲಿತ್ತಂತೆ. ಬಂದವನು ಬೈಕಿನಿಂದ ಇಳಿಯಲೇ ಇಲ್ಲ. ಇಂಜಿನ್ನೂ ಆರಿಸಲಿಲ್ಲ. ಆ ಸದ್ದು ನನಗೆ ನೆನಪಿದೆ. ನಾನು ಗೋಡೆಯ ಆಚೆ ಮರಿಗೆ ಹಾಲು ಕುಡಿಸುತ್ತಾ ಕೂತಿದ್ದೆ. ಯಾರೋ ಕುರಿ ವ್ಯಾಪಾರಕ್ಕೆ ಬಂದವನು ಅಂದುಕೊಂಡೆ.

"ಏನಂತ ಕೇಳ್ದ ಅವನು?" ಅಂದೆ ಅಪ್ಪನಿಗೆ.

"ನಿನ್ನ ಮಗಳು ಹೆಂಗಿದಾಳೆ, ಕೆಲ್ಸ ಏನಾರ ಮಾಡ್ತಾಳಾ ಅಂದ."

"ಅದಕ್ಕೆ ನೀರು ಹೊರ್ತಾಳೆ ಅಂದ್ಯಾ? ನಾನು ಯಾವತ್ತು ನೀರು ಹೊತ್ತಿದ್ದೆ?"

ಅಪ್ಪ ತಲೆ ಕೆರೆದುಕೊಂಡ. "ಮನೆ ಬಾಗ್ಲಿಗೆ ಬಂದೋನು. ಗಾಡಿ ಮ್ಯಾಲೆ ಕುಂತು, ಮ್ಯಾಲಿಂದ ಕೆಳಗೆ ನೋಡ್ಕಂಡು ಕೇಳ್ದ. ಕೊಳ್ಳಾಕೆ ಬಂದೋನು ಕೇಳ್ದಂಗೆ ಕೇಳ್ದ. ನನ್ನ ಮಗಳು ಕುಂಟಿ ಅಂತ ಅವನ ಮುಂದೆ ಹೆಂಗೆ ಅನ್ಲವ್ವ?"

"ಅನ್ನಬೇಕಿತ್ತು. ನಾನು ಕುಂಟಿನೇ."

"ನನ್ನ ಬಾಯಾಗೆ ಬರಲ್ಲ. ಇಷ್ಟು ವರ್ಷ ಅಂದಿಲ್ಲ, ಇನ್ನು ಮುಂದೂ ಅನ್ನಲ್ಲ," ಅಂದ. ಎದ್ದು ಕುರಿ ಎಣಿಸುವವನ ಹಾಗೆ ಹೊರಗೆ ಹೋದ.

ಆ ದಿನ ಅವನಿಗೆ ಮುದ್ದೆ ಬಡಿಸಲಿಲ್ಲ ನಾನು. ಅವನ ಮೇಲೆ ಸಿಟ್ಟು, ಬೈಕಿನವನ ಮೇಲೆ ಸಿಟ್ಟು. ಹತ್ತು ಹೆಜ್ಜೆ ನಡೆದು ಗೋಡೆ ದಾಟಿದ್ದರೆ ನಾನು ಕಾಣುತ್ತಿದ್ದೆ. ಕಾಲಿದ್ದವನಿಗೆ ಹತ್ತು ಹೆಜ್ಜೆ ಭಾರವಾಯಿತು. ನನಗೆ ಅನರ್ಹ ಅಂತ ಬರೆದ.

ಮುಂದಿನ ವಾರ ಅಪ್ಪನನ್ನು ಎಳೆದುಕೊಂಡು ಕೋರ್ಟಿಗೆ ಹೋದೆ. ಸಮಿತಿಯವರು ಅರ್ಜಿ ಬರೆಸಿಕೊಂಡು ಒಬ್ಬ ವಕೀಲೆಯನ್ನು ಗೊತ್ತು ಮಾಡಿಕೊಟ್ಟರು. ಹೆಸರು ರಮ್ಯಾ. ನನಗಿಂತ ಚಿಕ್ಕವಳು. ಕರಿ ಕೋಟಿನ ತೋಳು ಸವೆದಿತ್ತು. ಮಾತು ಮಾತ್ರ ಚುರುಕು.

"ಇದು ಕೋರ್ಟ್ ಕೇಸಲ್ಲ ಅಕ್ಕ. ಮೇಲ್ಮನವಿ ಹಾಕ್ಬೇಕು. ವಿಚಾರಣೆ ಚಿತ್ರದುರ್ಗದಲ್ಲಿ, ಮೇಲಿನ ಸಾಹೇಬ್ರ ಮುಂದೆ ನಡೆಯುತ್ತೆ. ಡಾಕ್ಟರ ಪ್ರಮಾಣಪತ್ರ ಗಟ್ಟಿಯಾಗಿದೆ. ತೊಡಕಾಗಿರೋದು ನಿಮ್ಮ ತಂದೆ ಹೇಳಿಕೆ," ಅಂದಳು. ಅಪ್ಪನ ಕಡೆ ತಿರುಗಿದಳು. "ಯಜಮಾನ್ರೇ, ಅವತ್ತು ನಾನು ಹೇಳಿದ್ದು ಸುಳ್ಳು, ನನ್ನ ಮಗಳಿಗೆ ನಡೆಯೋಕೆ ಆಗಲ್ಲ ಅಂತ ಸಾಹೇಬ್ರ ಮುಂದೆ ಹೇಳ್ತೀರಲ್ಲ?"

ಅಪ್ಪ ಗೋಡೆ ನೋಡಿದ.

"ಹೇಳ್ತಾನೆ," ಅಂದೆ ನಾನು.

ತಾರೀಕು ಕೊಟ್ಟರು. ಆ ದಿನ ಸಾಹೇಬರು ರಜೆ. ಮತ್ತೊಂದು ತಾರೀಕು ಕೊಟ್ಟರು. ಆ ದಿನ ಯಾವುದೋ ಸಭೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೂಲು ತೆಗೆದರೆ ಹರಿಯುತ್ತಿತ್ತು. ರಾಟೆ ಒದೆಯೋಣ ಅಂದರೆ ಒದೆಯುವ ಕಾಲೂ ಇಲ್ಲ. ಮರಿಗಳಿಗೆ ಬೈದೆ. ಮುಟ್ಟಾದಾಗ ಹಳೇ ಸೀರೆ ಹರಿದುಕೊಂಡೆ, ಆ ಬಟ್ಟೆ ತೊಡೆ ಕೊರೆಯಿತು. ಗಾಯಕ್ಕೆ ಅರಿಶಿನ ಮೆತ್ತಿದೆ. ಅಪ್ಪ ಒಂದು ದಿನ ತಾನಾಗೇ ಕಾಸು ತಂದು ನನ್ನ ಪಕ್ಕ ಇಟ್ಟ. ಏತಕ್ಕೆ ಅಂತ ಅವನೂ ಹೇಳಲಿಲ್ಲ, ನಾನೂ ಮುಟ್ಟಲಿಲ್ಲ. ಸಂಜೆ ತನಕ ಅದು ಅಲ್ಲೇ ಬಿದ್ದಿತ್ತು.

ವಿಚಾರಣೆಗೆ ಮೊದಲು ರಮ್ಯಾ ಮೇಡಂ ಫೋನ್ ಮಾಡಿದಳು. ಸ್ವಲ್ಪ ಹಿಂದೆಮುಂದೆ ನೋಡುತ್ತಲೇ ಹೇಳಿದಳು. "ಅಕ್ಕ, ಆ ದಿನ ಹೂವು ಗೀವು ಬೇಡ. ಹಳೇ ಸೀರೆ ಉಟ್ಕೊಳ್ಳಿ. ಕೆಲಸ ಮಾಡ್ತೀರಾ ಅಂತ ಕೇಳಿದ್ರೆ ಇಲ್ಲ ಅನ್ನಿ. ಏನೂ ಆಗಲ್ಲ ಅನ್ನಿ."

"ಯಾಕೆ? ಮಾಡ್ತೀನಲ್ಲ."

"ಗೊತ್ತು. ಆದ್ರೆ ಕೆಲಸ ಮಾಡೋಳು ಅಂದ್ರೆ ಅವರ ತಲೆಯಲ್ಲಿ ಅಂಗವಿಕಲೆ ಅಲ್ಲ ಅಂತ ಆಗಿಬಿಡುತ್ತೆ. ನಾನು ಇಂಥಾ ಎಷ್ಟೋ ಅರ್ಜಿ ನೋಡಿದೀನಿ."

ಫೋನು ಇಟ್ಟೆ. ಅಪ್ಪ ನನ್ನನ್ನು ಗಟ್ಟಿ ಕುರಿ ಅಂತ ಮಾರಲು ಹೊರಟಿದ್ದ. ಇವಳು ಸಾಯುವ ಕುರಿ ಅಂತ ತೋರಿಸು ಅನ್ನುತ್ತಾಳೆ. ಇಬ್ಬರೂ ನನ್ನ ಒಳ್ಳೆಯದಕ್ಕೇ ಹೇಳುವವರು. ನನಗೆ ಇಬ್ಬರ ಮೇಲೂ ಮೈ ಉರಿಯಿತು.

ಆ ದಿನ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಕನಕಾಂಬರ ಮುಡಿದೆ. ಅಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡ. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು "ಬೇಗ ಎತ್ತಿ ಹಾಕ್ರಿ ಅವಳನ್ನ, ಟೈಮಾತು," ಅಂದ, ಮೂಟೆಗೆ ಹೇಳುವ ಹಾಗೆ. "ನಾನೇ ಹತ್ತೀನಿ, ಕಾಯಿ," ಅಂದೆ. ಬಸ್ಸು ಕಾಯಿತು. ಐಮಂಗಲ ದಾಟುವವರೆಗೂ ಅಪ್ಪ ಟಿಕೀಟು ಮಡಿಸುತ್ತಾ ಕೂತಿದ್ದ. ಆಮೇಲೆ, "ನಾನು ಹೇಳಲೇಬೇಕೇನವ್ವ?" ಅಂದ.

"ಹೇಳಬೇಕು."

"ಬ್ಯಾರೆ ಥರ ಹೇಳಿದ್ರೆ ಆಗಲ್ವಾ?"

"ನನ್ನ ಕಾಲು ಬ್ಯಾರೆ ಥರ ಆಗ್ತಾವಾ?" ಅಂದೆ. ಅವನು ಕಿಟಕಿಯ ಕಡೆ ತಿರುಗಿದ.

ದುರ್ಗದ ಕಚೇರಿ ಮಹಡಿಯ ಮೇಲೆ. ಅಪ್ಪ ಎತ್ತಿಕೊಳ್ಳಲು ಬಗ್ಗಿದ. ಬೇಡ ಅಂದೆ. ಒಂದೊಂದೇ ಮೆಟ್ಟಿಲಿಗೆ ಕೈ ಊರಿ, ಸೊಂಟ ಎತ್ತಿ ಇಟ್ಟೆ. ಬೆವರಿಗೆ ಕೈಚಪ್ಪಲಿ ಜಾರಿತು, ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು ಬರಿಗೈಯಲ್ಲಿ ಹತ್ತಿದೆ. ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಹಿಂದೆ ಬರುತ್ತಿದ್ದ ರಮ್ಯಾ ಮೇಡಂ ನನ್ನ ಹೂವು ನೋಡಿದ್ದಳು, ಏನೋ ಅನ್ನಬೇಕು ಅಂದುಕೊಂಡಿದ್ದಳು. ಮೇಲೆ ಬಂದಾಗ ನನ್ನ ಅಂಗೈಯ ರಕ್ತ ನೋಡಿ ಕರ್ಚೀಫು ತೆಗೆದುಕೊಟ್ಟಳು.

ಸಾಹೇಬರ ಮೇಜು ದೊಡ್ಡದು. ಫೈಲಿನ ರಾಶಿ ಬೇರೆ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ.

"ಅರ್ಜಿದಾರರೆಲ್ಲಿ?" ಅಂದರು.

"ಇಲ್ಲಿದೀನಿ ಸಾಮಿ," ಅಂದೆ ಕೆಳಗಿನಿಂದ.

ಅವರು ಕತ್ತು ಉದ್ದ ಮಾಡಿ ನೋಡಲು ಪ್ರಯತ್ನಿಸಿದರು. ಫೈಲು ತೆಗೆದರು. ಓದಿದರು. ಅಪ್ಪನನ್ನು ಕೇಳಿದರು. "ನೀವೇನಾ ತಂದೆ? ಈ ಹೇಳಿಕೆ ಕೊಟ್ಟಿದ್ದು ನೀವೇನಾ?"

"ಹೌದು ಸಾಮಿ."

"ನಿಜಾನಾ ಇದು?"

ಅಪ್ಪ ನಿಂತೇ ಇದ್ದ. ರಮ್ಯಾ ಮೇಡಂ, "ಹೇಳಿ ಯಜಮಾನ್ರೇ," ಅಂದಳು. ಅವನು ಹೆಗಲ ಕಂಬಳಿಯ ಅಂಚು ಹಿಡಿದು ತಿರುವುತ್ತಾ ನಿಂತ. ಸಂತೆಯಲ್ಲಿ ನಿಂತ ಹಾಗೇ ನಿಂತಿದ್ದ.

ಸಾಹೇಬರು ಕೆಟ್ಟವರಲ್ಲ. ಅವರಿಗೆ ಹೊರಗೆ ಇನ್ನೂ ಜನ ಕಾಯುತ್ತಿದ್ದರು. "ಸರಿ ಬಿಡಿ, ಯಾಕೆ ಎಳೆದಾಟ? ಅಮ್ಮಾ, ಒಂಚೂರು ನಡೆದು ತೋರ್ಸಿ. ಬಾಗಿಲ ತನಕ ಹೋಗಿ ಬನ್ನಿ. ನಾನೇ ನೋಡ್ತೀನಿ," ಅಂದರು.

ಅಪ್ಪ ಥಟ್ಟನೆ ತಲೆ ಎತ್ತಿದ.

"ನಡ್ಯಲ್ಲ," ಅಂದೆ.

"ಆಗಲ್ವಾ?"

"ಆಗಲ್ಲ ಅನ್ನೋದು ಬ್ಯಾರೆ ಮಾತು. ನಡೆದು ತೋರ್ಸಲ್ಲ. ಡಾಕ್ಟ್ರು ನನ್ನ ಸೀರೆ ಎತ್ತಿಸಿ, ಹಿಸುಕಿ ನೋಡಿ ಬರ್ದು ಕೊಟ್ಟಿದಾರೆ. ಆ ಕಾಗದ ನಿಮ್ಮ ಮುಂದೆ ಐತೆ. ನಿಮ್ಮ ಮೆಟ್ಲು ಹತ್ತಿ ಬಂದೀನಿ, ಅದರ ಮ್ಯಾಲೆ ನನ್ನ ಕೈಯಿನ ರಕ್ತ ಐತೆ, ಹೋಗಿ ನೋಡ್ರಿ. ನಿಮ್ಮ ಮುಂದೆ ಕುರಿ ನಡೆದಂಗೆ ನಡ್ಯಲ್ಲ. ಪಿಂಚಣಿ ಹೋದ್ರೆ ಹೋಗ್ಲಿ."

ಹೋಗಲಿ ಅಂದೆ. ಅದು ಹೋದರೆ ನನ್ನದು ಅನ್ನುವುದು ಏನೂ ಇರುವುದಿಲ್ಲ. ಆದರೂ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಗುಮಾಸ್ತ, "ಏಯ್, ಸಾಹೇಬ್ರ ಮುಂದೆ ಹಿಂಗಾ ಮಾತಾಡೋದು?" ಅಂದ.

ಆಗ ಅಪ್ಪ ಹೆಗಲಿನಿಂದ ಕಂಬಳಿ ತೆಗೆದ. ಒಂದು ಸಲ ಕೊಡವಿದ. ಉಣ್ಣೆಯ ಧೂಳು ಫೈಲಿನ ಮೇಲೆಲ್ಲ ಬಿತ್ತು. ಮೇಜಿನ ಮುಂದೆ, ನೆಲದ ಮೇಲೆ ಕಂಬಳಿ ಹಾಸಿದ. ನಾಲ್ಕೂ ಮೂಲೆ ಎಳೆದು ಸರಿ ಮಾಡಿದ. ಕಾಲಿನ ಮೆಟ್ಟು ದೂರ ಬಿಟ್ಟು ಬಂದು ಕೂತ. ನನ್ನನ್ನು ಪಕ್ಕಕ್ಕೆ ಕರೆದ.

"ಏನಿದು, ಆಫೀಸಿನಾಗೆ? ಎತ್ರಿ, ಎತ್ರಿ," ಅಂದ ಗುಮಾಸ್ತ.

"ನಾವು ನ್ಯಾಯ ಹೇಳಾದು ಇದರ ಮ್ಯಾಲೆ ಕುಂತು," ಅಂದ ಅಪ್ಪ. "ಅವತ್ತು ಇದು ಹೆಗಲ ಮ್ಯಾಲಿತ್ತು ಸಾಮಿ. ಬಂದೋರು ಕೊಳ್ಳೋರಂಗೆ ಕೇಳಿದ್ರು, ನಾನು ಮಾರೋನಂಗೆ ಹೇಳ್ದೆ. ಈಗ ಕೇಳ್ರಿ."

ರಮ್ಯಾ ಮೇಡಂ ಚಪ್ಪಲಿ ಬಿಟ್ಟು ಬಂದು ಕಂಬಳಿಯ ಅಂಚಿಗೆ ಕೂತಳು, ಕರಿ ಕೋಟಿನ ಸಮೇತ. ಈಗ ಮೇಜಿನ ಆಚೆ ಇದ್ದವರಿಗೆ ನಾವು ಮೂವರೂ ಕಾಣುತ್ತಿರಲಿಲ್ಲ. ಆಮೇಲೆ ಕುರ್ಚಿ ಹಿಂದಕ್ಕೆ ಸರಿಯಿತು. ಸಾಹೇಬರು ಎದ್ದು ಮೇಜು ಸುತ್ತಿ ಈಚೆ ಬಂದರು.

ನನ್ನನ್ನು ನೋಡಿದರು. ಕಾಲು ನೋಡಿದರು, ಅಂಗೈ ನೋಡಿದರು. ನಾನು ಮುಚ್ಚಿಕೊಳ್ಳಲಿಲ್ಲ.

"ಹೇಳಪ್ಪ," ಅಂದರು ಅಪ್ಪನಿಗೆ.

ಅಪ್ಪ ಎರಡೂ ಕೈ ಕಂಬಳಿಗೆ ಊರಿದ. "ನನ್ನ ಮಗಳಿಗೆ ನಡಿಯಾಕಾಗಲ್ಲ," ಅಂದ. "ಕೂಸಿದ್ದಾಗ ಜ್ವರ ಬಂತು, ಕಾಲು ಹೋದ್ವು. ನೀರು ಹೊರಾದು ನಾನು. ಅವಳು ಕುಂಟಿ. ನನ್ನ ಮಗಳು ಕುಂಟಿ ಸಾಮಿ."

ಕೂಸಾಗಿದ್ದಾಗಿನಿಂದ ಊರೆಲ್ಲ ಅಂದ ಮಾತು. ಅಪ್ಪನ ಬಾಯಲ್ಲಿ ಅದೇ ಮೊದಲು. ನನಗೆ ನೋಯಲಿಲ್ಲ. ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಅವನು ಚಿಕ್ಕ ಮಕ್ಕಳ ಹಾಗೆ ಅತ್ತ.

ಸಾಹೇಬರು ನಿಂತೇ ಗುಮಾಸ್ತನಿಗೆ ಹೇಳಿ ಬರೆಸಿದರು. ಗುಮಾಸ್ತ ಹಾಳೆಯನ್ನು ತಂದು, "ಹೆಬ್ಬೆಟ್ಟು ಒತ್ತು," ಅಂದ.

"ಮೊದ್ಲು ಓದ್ರಿ," ಅಂದೆ. "ಅವತ್ತೂ ಯಾರೂ ಓದಿ ಹೇಳಿಲ್ಲ."

ಅವನು ಗೊಣಗಿಕೊಂಡು ಓದಿದ. ಹಿಂದಿನ ಹೇಳಿಕೆ ಸರಿಯಲ್ಲವೆಂದು ತಂದೆ ತಿಳಿಸಿರುತ್ತಾರೆ. ಅರ್ಜಿದಾರಳು ಎರಡೂ ಕಾಲುಗಳಲ್ಲಿ ಬಲವಿಲ್ಲದೆ ನಡೆಯಲಾರಳು. ಯಾವುದೇ ಕೆಲಸ ಮಾಡಲು ಶಕ್ತಳಲ್ಲ. ಪೂರ್ತಿ ತಂದೆಯ ಮೇಲೆಯೇ ಅವಲಂಬಿತಳು. ಆದ್ದರಿಂದ ಪಿಂಚಣಿ ಮುಂದುವರಿಸಬಹುದು.

ಮುಂದುವರಿಸಬಹುದು. ಅಷ್ಟು ಸಾಕಿತ್ತು. ರಮ್ಯಾ ಮೇಡಂ ಉಸಿರು ಬಿಟ್ಟದ್ದು ಕೇಳಿಸಿತು.

"ಅದರಾಗೆ ಒಂದು ಸುಳ್ಳೈತೆ," ಅಂದೆ. "ಕೆಲ್ಸ ಮಾಡಲ್ಲ ಅಂತ ಬರ್ದೀರಿ. ಹೊಡ್ದು ಹಾಕ್ರಿ."

"ನಿನ್ನ ಒಳ್ಳೇದಕ್ಕೇ ಬರೆಸಿರೋದಮ್ಮ," ಅಂದರು ಸಾಹೇಬರು. "ಇರ್ಲಿ ಬಿಡು. ಕೆಲಸ ಮಾಡ್ತಾಳೆ ಅಂತಿದ್ರೆ ನಾಳೆ ಇನ್ಯಾರೋ ಬಂದು ಮತ್ತೆ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ. ಮತ್ತೆ ಇದೇ ಮೆಟ್ಲು ಹತ್ತಿ ಬರ್ತೀನಿ. ಅವತ್ತು ಎರಡಾಳು ಅಂತ ಬರ್ದ್ರಿ, ಇವತ್ತು ಆಳೇ ಅಲ್ಲ ಅಂತ ಬರೀತೀರಿ. ರೊಪ್ಪ ಗುಡಿಸೋಳು ನಾನು. ಮರಿ ಸಾಕೋಳು ನಾನು. ಈ ಕಂಬಳಿ ಐತಲ್ಲ, ಇದರ ನೂಲು ನಾನು ನೂತಿದ್ದು. ನನಗೆ ನಡಿಯಾಕಾಗಲ್ಲ. ಕೆಲ್ಸ ಮಾಡ್ತೀನಿ. ಎರಡೂ ಬರ್ಕಳ್ರಿ."

ಸಾಹೇಬರು ವಕೀಲೆಯ ಕಡೆ ನೋಡಿದರು. ಈ ಹುಡುಗಿ ಈಗ ಏನನ್ನುತ್ತಾಳೋ ಅಂತ ನಾನೂ ನೋಡಿದೆ.

"ಸರ್, ಕೆಲಸ ಮಾಡಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ," ಅಂದಳು ರಮ್ಯಾ. "ಡಾಕ್ಟರ ಪ್ರಮಾಣಪತ್ರ ಸಾಕು. ನನ್ನ ಕಕ್ಷಿದಾರರು ಹೇಳಿದ ಹಾಗೇ ಬರೆಸಿ." ಹೇಳುವಾಗ ಅವಳ ಕಿವಿ ಕೆಂಪಾಗಿತ್ತು.

"ನೀವೇನಂತೀರಿ ಯಜಮಾನ್ರೇ?"

ಅಪ್ಪ ಕಣ್ಣೊರೆಸಿಕೊಂಡ. "ಕಂಬಳಿ ಮ್ಯಾಲೆ ಕುಂತೀವಿ ಸಾಮಿ," ಅಂದ.

ಸಾಹೇಬರು ಗುಮಾಸ್ತನ ಕೈಯಿಂದ ಹಾಳೆ ಈಸಿಕೊಂಡರು. ಒತ್ತಿಟ್ಟು ಬರೆಯಲು ಮೇಜು ಆ ಕಡೆ ಇತ್ತು. ಒಂದು ಗಳಿಗೆ ಆ ಕಡೆ ನೋಡಿದರು. ಆಮೇಲೆ ಪ್ಯಾಂಟು ಮೇಲಕ್ಕೆಳೆದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ಹಾಳೆಯನ್ನು ತೊಡೆಯ ಮೇಲಿಟ್ಟು ಆ ಸಾಲುಗಳ ಮೇಲೆ ಪೆನ್ನು ಎಳೆದರು. ಅವರ ಕಣ್ಣು ಈಗ ನನ್ನ ಕಣ್ಣಿನ ಎತ್ತರಕ್ಕೆ ಬಂದಿತ್ತು.

"ಹೇಳಮ್ಮ, ಏನಂತ ಬರೀಲಿ?" ಅಂದರು.

ನಾನು ಹೇಳತೊಡಗಿದೆ.